ಹೊಸ ನಾಡಿನ ರಹದಾರಿ

ಗುಂಡ್ಲುಪೇಟೆಯು ಮೂರು ರಾಜ್ಯಗಳ ದಾರಿಗಳು ಕೂಡುವ ಊರು. ಮೈಸೂರಿನಿಂದ ದಕ್ಷಿಣಕ್ಕೆ ಬಂದ ಹೆದ್ದಾರಿಯು ಇಲ್ಲಿ ಕವಲೊಡೆಯುತ್ತದೆ. ಒಂದು ಕವಲು ವಯನಾಡಿನ ಸುಲ್ತಾನ್ ಬತ್ತೇರಿಯ ಕಡೆಗೂ, ಇನ್ನೊಂದು ಬಂಡೀಪುರ, ಮುದುಮಲೆಗಳ ಕಾಡನ್ನು ಹಾಯ್ದು ಗೂಡಲೂರು, ಉದಕಮಂಡಲಗಳ ಕಡೆಗೂ ಸಾಗುತ್ತದೆ. ಪೂರ್ವಕ್ಕೆ ಹೊರಟ ರಸ್ತೆಯು ತೆರಕಣಾಂಬಿಯನ್ನು ಹಾದು ಚಾಮರಾಜನಗರವನ್ನು ಸೇರುತ್ತದೆ. ಅಲ್ಲಿಂದ ಮುಂದೆ ಪುಣಜನೂರು, ಹಾಸನೂರುಗಳನ್ನು ದಾಟಿ ದಿಂಬಂ ಘಾಟಿಯ 27 ಕಡಿದಾದ ತಿರುವುಗಳನ್ನು ಇಳಿದರೆ ತಮಿಳುನಾಡಿನ ಸತ್ಯಮಂಗಲದ ಬಯಲು. ಹಗಲೆಲ್ಲ ಈ ರಸ್ತೆಗಳಲ್ಲಿ ಕೋಸು, ಟೊಮೇಟೊ, ಬೀನ್ಸು ಹೇರಿದ ಲಾರಿಗಳೂ, ನೀಲಗಿರಿಗೆ ಹೊರಟ ಪ್ರವಾಸಿಗರ ಕಾರುಗಳೂ ಎಡೆಬಿಡದೆ ಹರಿಯುತ್ತಿರುತ್ತವೆ. ರಾತ್ರಿ 9 ಗಂಟೆಗೆ ಬಂಡೀಪುರದ ಬಾಗಿಲು ಮುಚ್ಚುತ್ತದೆ. ವನ್ಯಮೃಗಗಳ ರಕ್ಷಣೆಗಾಗಿ 2009ರಲ್ಲಿ ಜಾರಿಗೆ ಬಂದ ನಿಷೇಧದಂತೆ, ಬೆಳಗಿನ 6 ಗಂಟೆಯವರೆಗೆ ತುರ್ತು ವಾಹನಗಳು ಮತ್ತು ಕೆಲವೇ ಬಸ್ಸುಗಳ ಹೊರತು ಬೇರೆ ವಾಹನಗಳು ಆ ಕಾಡನ್ನು ಹೊಗುವಂತಿಲ್ಲ.

ಈ ದಾರಿಗಳಲ್ಲಿ ವಾಹನ ನಡೆಸುವವನ ಜೇಬಿನಲ್ಲಿ ಒಂದು ಪುಟ್ಟ ಕಾರ್ಡು ಇರುತ್ತದೆ. ಅದೇ ಅವನ ಚಾಲನಾ ಪರವಾನಗಿ. ಜನರ ಬಾಯಲ್ಲಿ ಲೈಸೆನ್ಸು. ಚಾಮರಾಜನಗರದ ಪ್ರಾದೇಶಿಕ ಸಾರಿಗೆ ಕಚೇರಿಯು ಕೊಟ್ಟ ಕಾರ್ಡಿನ ಸಂಖ್ಯೆಯು ‘ಕೆಎ 10’ ಎಂಬ ಗುರುತಿನಿಂದ ಆರಂಭವಾಗುತ್ತದೆ. ಗುಂಡ್ಲುಪೇಟೆಯವರು ಇದಕ್ಕಾಗಿ ಸುಮಾರು 35 ಕಿಲೋಮೀಟರು ಪ್ರಯಾಣ ಮಾಡಿ ಚಾಮರಾಜನಗರಕ್ಕೆ ಹೋಗಿಬರುತ್ತಾರೆ. ಆದರೆ ಹೀಗೆ ಪಡೆದ ಕಾರ್ಡಿನ ಅಧಿಕಾರವು ಜಿಲ್ಲೆಯ ಎಲ್ಲೆಗೆ ನಿಲ್ಲುವುದಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯಂತೆ ಅದಕ್ಕೆ ಇಡೀ ಭಾರತದಲ್ಲಿ ಮಾನ್ಯತೆಯುಂಟು. ಬತ್ತೇರಿಯಲ್ಲಿ ಫಲಕಗಳು ಮಲಯಾಳಕ್ಕೆ ತಿರುಗುತ್ತವೆ, ದಿಂಬಂ ದಾಟಿದರೆ ತಮಿಳಿಗೆ. ಊಟದ ರುಚಿ ಬದಲಾಗುತ್ತದೆ, ಮಾತು ಬದಲಾಗುತ್ತದೆ, ಕಾರ್ಡು ಮಾತ್ರ ಅದೇ. ತೆರಕಣಾಂಬಿಯ ಚಾಲಕನು ಅದನ್ನು ತೋರಿಸಿ ಕಾಶ್ಮೀರದವರೆಗೂ ಹೋಗಬಹುದು.

ಅದೇ ಚಾಲಕನು ವಿಮಾನವೇರಿ ಇಂಗ್ಲೆಂಡಿಗೋ, ಜರ್ಮನಿಗೋ, ದುಬೈಗೋ ಹೋಗಿ ನೆಲೆಸಿದನೆನ್ನಿ. ಸ್ವಲ್ಪ ಕಾಲದ ಅನಂತರ ಅವನ ಕಾರ್ಡು ಬರಿಯ ಗುರುತಿನ ಚೀಟಿಯಷ್ಟೇ ಆಗಿ ಉಳಿಯುತ್ತದೆ. ಹತ್ತು ವರ್ಷ ವಾಹನ ನಡೆಸಿದವನಾದರೂ ಅವನು ಮತ್ತೆ ಪುಸ್ತಕ ಹಿಡಿದು ಓದಬೇಕು, ಪರೀಕ್ಷೆಗೆ ಕೂರಬೇಕು, ಪರೀಕ್ಷಕನ ಪಕ್ಕದಲ್ಲಿ ಕುಳಿತು ವಾಹನ ನಡೆಸಿ ತೋರಿಸಬೇಕು. ದಿಂಬಂ ಘಾಟಿಯಲ್ಲಿ ಲಾರಿ ಹತ್ತಿಸಿ ಇಳಿಸಿದವನಿಗೆ ಸಮತಟ್ಟಾದ ಊರಬೀದಿಯಲ್ಲಿ ‘ಕಲಿಯುವವನು’ ಎಂಬ ಹಲಗೆಯೇ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಇದರ ಒಳಗನ್ನು ತಿಳಿಯಬೇಕಾದರೆ ಪರವಾನಗಿ ಎಂಬುದು ಏನು, ಅದು ಹೇಗೆ ಹುಟ್ಟಿತು ಎಂಬುದನ್ನು ಮೊದಲು ನೋಡಬೇಕು.

ನಮ್ಮ ಹಳೆಯ ಆಡಳಿತದ ಭಾಷೆಯಲ್ಲಿ ‘ರಹದಾರಿ’ ಎಂಬ ಸೊಗಸಾದ ಶಬ್ದವೊಂದಿದೆ. ‘ರಾಹ್’ ಎಂದರೆ ಪಾರಸಿಯಲ್ಲಿ ದಾರಿ. ದಾರಿಯಲ್ಲಿ ತಡೆಯಿಲ್ಲದೆ ಹೋಗಲು ಅಧಿಕಾರಿಗಳು ಕೊಡುತ್ತಿದ್ದ ಪತ್ರಕ್ಕೆ ಈ ಹೆಸರು. ಇಂದು ನಾವು ಪಾಸ್‌ಪೋರ್ಟಿಗೂ ಈ ಶಬ್ದವನ್ನು ಬಳಸುವುದುಂಟು. ಎತ್ತಿನ ಗಾಡಿ ಹೊಡೆಯುವವನಿಗೆ ಮಾತ್ರ ಯಾವ ರಹದಾರಿಯೂ ಬೇಕಿರಲಿಲ್ಲ. ಎತ್ತುಗಳಿಗೂ ಒಂದಿಷ್ಟು ವಿವೇಕವಿರುತ್ತದೆಂಬ ನಂಬಿಕೆಯಿಂದಲೋ ಏನೋ! ವಿವೇಕವಿಲ್ಲದ ಯಂತ್ರವು ಬೀದಿಗೆ ಇಳಿದಾಗಲೇ ಅನುಮತಿಯ ಪ್ರಶ್ನೆ ಹುಟ್ಟಿದ್ದು. ಮೋಟಾರು ಕಾರನ್ನು ನಿರ್ಮಿಸಿದ ಜರ್ಮನಿಯ ಕಾರ್ಲ್ ಬೆಂಜ್‌ನ ಗಾಡಿಯ ಸದ್ದನ್ನೂ ನಾತವನ್ನೂ ಊರಿನ ಜನ ಆಕ್ಷೇಪಿಸಿದಾಗ, ಅವನು ಬಾಡೆನ್ ಸಂಸ್ಥಾನದ ಆಡಳಿತದಿಂದ ಬರಹದ ಅನುಮತಿಯನ್ನು ಪಡೆಯಬೇಕಾಯಿತು. ಇದು ನಡೆದದ್ದು 1888ರಲ್ಲಿ. ಕಾರನ್ನು ಕಟ್ಟಿದವನಿಗೇ ಕಾರು ಓಡಿಸಲು ಅಪ್ಪಣೆ ಬೇಕಾಯಿತೆಂಬುದನ್ನು ಗಮನಿಸಿ. ಅಪ್ಪಣೆಯನ್ನು ಕೇಳಿದವರು ಯಂತ್ರವನ್ನು ಬಲ್ಲವರಲ್ಲ, ಬೀದಿಯಲ್ಲಿ ನಡೆಯುವವರು.

ಬ್ರಿಟನ್ನಿನಲ್ಲಿ 1903ರ ಕಾಯಿದೆಯು ಲೈಸೆನ್ಸನ್ನು ಕಡ್ಡಾಯಗೊಳಿಸಿತು. ಆದರೆ ಪರೀಕ್ಷೆ ಇರಲಿಲ್ಲ. ಐದು ಷಿಲಿಂಗು ಕೊಟ್ಟು 17 ವರ್ಷ ತುಂಬಿದ ಯಾರಾದರೂ ಅದನ್ನು ಕೊಳ್ಳಬಹುದಾಗಿತ್ತು. ಮೂರು ದಶಕಗಳ ಕಾಲ ಹೀಗೆಯೇ ನಡೆಯಿತು. 1934ನೆಯ ಒಂದೇ ವರ್ಷದಲ್ಲಿ ಆ ಸಣ್ಣ ದೇಶದ ರಸ್ತೆಗಳಲ್ಲಿ 7 ಸಾವಿರಕ್ಕೂ ಹೆಚ್ಚು ಜನ ಸತ್ತರು. ಇಂದಿಗೆ ಹೋಲಿಸಿದರೆ ಅಂದು ವಾಹನಗಳ ಸಂಖ್ಯೆ ತೀರ ಕಡಿಮೆ. 1935ರ ಜೂನ್ 1ರಿಂದ ಪರೀಕ್ಷೆಯು ಕಡ್ಡಾಯವಾಯಿತು. 1934ರ ಏಪ್ರಿಲ್‌ಗೆ ಮೊದಲೇ ವಾಹನ ನಡೆಸುತ್ತಿದ್ದವರಿಗೆ ಮಾತ್ರ ವಿನಾಯಿತಿ ದೊರೆಯಿತು. ಅವರು ಬದುಕಿನುದ್ದಕ್ಕೂ ಪರೀಕ್ಷೆಯನ್ನೇ ಕಾಣದೆ ಕಾರು ಓಡಿಸಿದರು. ಇಂದು ಹೊರಗಿನಿಂದ ಬಂದವರನ್ನು ಅಷ್ಟು ಬಿಗಿಯಾಗಿ ಪರೀಕ್ಷಿಸುವ ದೇಶವೂ ಸಾವಿರಾರು ಹೆಣಗಳನ್ನು ಹೊತ್ತ ಮೇಲೆಯೇ ಈ ಪಾಠವನ್ನು ಕಲಿತದ್ದು.

ಪರವಾನಗಿ ಎಂಬುದು ಚಾಲಕನಿಗೂ ಯಂತ್ರಕ್ಕೂ ನಡುವಣ ಮಾತಲ್ಲ, ಚಾಲಕನಿಗೂ ಆ ಬೀದಿಯ ಅಪರಿಚಿತರಿಗೂ ನಡುವಣ ಒಪ್ಪಂದ. ಎದುರಿನಿಂದ ಬರುವವನು ಯಾರೆಂದು ನಮಗೆ ತಿಳಿಯದು. ಆದರೂ ಅವನು ತನ್ನ ಮಗ್ಗುಲನ್ನು ಬಿಟ್ಟು ನಮ್ಮ ಮಗ್ಗುಲಿಗೆ ಬರಲಾರನೆಂದು ನಂಬಿ, ಎರಡು ಮಾರು ಅಂತರದಲ್ಲಿ ಹಾದುಹೋಗುತ್ತೇವೆ. ಈ ನಂಬಿಕೆಯ ವಿವರಗಳು ದೇಶದಿಂದ ದೇಶಕ್ಕೆ ಬೇರೆಯಾಗುತ್ತವೆ. ಕೈಯ ಕೌಶಲವು ಚಾಲಕನೊಡನೆ ಕಡಲನ್ನು ದಾಟುತ್ತದೆ, ಒಪ್ಪಂದವು ದಾಟುವುದಿಲ್ಲ.

ಹೊಸದಾಗಿ ಬಂದವನಿಗೆ ಸ್ವಲ್ಪ ಅವಕಾಶವನ್ನು ಹಲವು ದೇಶಗಳು ಕೊಡುತ್ತವೆ. ಪ್ರವಾಸಕ್ಕೆ ಹೋಗುವವರು ತಮ್ಮ ಸಾರಿಗೆ ಕಚೇರಿಯಲ್ಲಿಯೇ ಅಂತರರಾಷ್ಟ್ರೀಯ ಚಾಲನಾ ಅನುಮತಿಯನ್ನು ಪಡೆಯಬಹುದು. ಅದರ ಆಯುಸ್ಸು ಒಂದು ವರ್ಷವನ್ನು ಮೀರುವುದಿಲ್ಲ. ಹಲವು ಭಾಷೆಗಳಲ್ಲಿ ಅಚ್ಚಾದ ಆ ಪುಸ್ತಿಕೆಯು ನಮ್ಮ ಪರವಾನಗಿಯ ಅನುವಾದವಿದ್ದಂತೆ. ಮೂಲವನ್ನೂ ಜೊತೆಯಲ್ಲಿ ಇಟ್ಟುಕೊಳ್ಳಬೇಕು. ಅಲ್ಲಿಯೇ ನೆಲೆಸುವವರಿಗೆ ಬೇರೆ ನಿಯಮ. ಬ್ರಿಟನ್ನಿನಲ್ಲಿ ಭಾರತದ ಲೈಸೆನ್ಸಿನ ಮೇಲೆ 12 ತಿಂಗಳು ಕಾರು ಓಡಿಸಬಹುದು, ಜರ್ಮನಿಯಲ್ಲಿ 6 ತಿಂಗಳು. ಆಮೇಲೆ ಎರಡೂ ಕಡೆ ಬರಹದ ಪರೀಕ್ಷೆ, ರಸ್ತೆಯ ಪರೀಕ್ಷೆಗಳು ತಪ್ಪಿದ್ದಲ್ಲ. ಅಮೆರಿಕದಲ್ಲಿ ಪರವಾನಗಿಯನ್ನು ಕೊಡುವುದು ಆಯಾ ರಾಜ್ಯಗಳು. ನಿಯಮವೂ ಗಡುವೂ ರಾಜ್ಯಕ್ಕೊಂದು. ಕೆನಡಾದ ಒಂಟೇರಿಯೊದಲ್ಲಿ ಊರಿನ ಅನುಭವವನ್ನು ಲೆಕ್ಕಕ್ಕೆ ಹಿಡಿದು ಕಾಯುವ ಕಾಲವನ್ನು ಕಡಿಮೆ ಮಾಡುತ್ತಾರೆ. ಆದರೆ ಆ ಅನುಭವಕ್ಕೆ ಅಧಿಕೃತ ಪ್ರಮಾಣಪತ್ರ ಬೇಕು. ಇಂಥ ಪತ್ರಕ್ಕಾಗಿ, ದೂರದ ಹಿಮದ ನಾಡಿನಲ್ಲಿರುವ ಮಗನ ಪರವಾಗಿ ತಂದೆಯೊಬ್ಬನು ನಮ್ಮ ಜಿಲ್ಲೆಯ ಕೇಂದ್ರಕ್ಕೆ ಬಸ್ಸಿನಲ್ಲಿ ಬರಬೇಕಾಗುವುದೂ ಉಂಟು.

ಹೊಸಬನನ್ನು ಮೊದಲು ಕಾಡುವುದು ಎಡಬಲಗಳ ಪ್ರಶ್ನೆ. ನಾವು ರಸ್ತೆಯ ಎಡಮಗ್ಗುಲಲ್ಲಿ ಹೋಗುತ್ತೇವೆ. ಬ್ರಿಟನ್, ಜಪಾನ್, ಆಸ್ಟ್ರೇಲಿಯ, ಸಿಂಗಪುರ, ದಕ್ಷಿಣ ಆಫ್ರಿಕಗಳದೂ ಇದೇ ರೂಢಿ. ಅಮೆರಿಕ, ಜರ್ಮನಿ, ಅರಬ್ ಕೊಲ್ಲಿಯ ನಾಡುಗಳು ಮೊದಲಾಗಿ ಜಗತ್ತಿನ ಹೆಚ್ಚಿನ ದೇಶಗಳು ಬಲಮಗ್ಗುಲನ್ನು ಹಿಡಿದಿವೆ. ಇದರಲ್ಲಿ ಸರಿತಪ್ಪುಗಳೇನೂ ಇಲ್ಲ. ಎಲ್ಲರೂ ಒಂದನ್ನೇ ಹಿಡಿಯಬೇಕೆಂಬುದಷ್ಟೇ ಮುಖ್ಯ. ಸ್ವೀಡನ್ ದೇಶವು 1967ರ ಸೆಪ್ಟೆಂಬರ್ 3ರ ನಸುಕಿನಲ್ಲಿ ಎಡದಿಂದ ಬಲಕ್ಕೆ ಬದಲಾಯಿತು. ಒಂದು ರಾತ್ರಿಯೊಳಗೆ ಇಡೀ ದೇಶವೇ ಮಗ್ಗುಲು ಬದಲಿಸಿತು! ನಮ್ಮ ನೆರೆಯ ಬರ್ಮಾ 1970ರಲ್ಲಿ ಹಾಗೆಯೇ ಮಾಡಿತು. ಪೆಸಿಫಿಕ್ ಸಾಗರದ ಸಮೋವ ದ್ವೀಪವು 2009ರಲ್ಲಿ ಇದಕ್ಕೆ ತದ್ವಿರುದ್ಧವಾಗಿ ಬಲದಿಂದ ಎಡಕ್ಕೆ ಬಂದಿತು. ದೇಶಗಳಿಗೆ ಸಾಧ್ಯವಾದದ್ದು ಮನುಷ್ಯನಿಗೂ ಸಾಧ್ಯ. ಆದರೆ ದೇಹದ ಅಭ್ಯಾಸವು ಬುದ್ಧಿಗಿಂತ ಹಟಮಾರಿ. ನಮ್ಮ ಅನೇಕ ಕಾರುಗಳಲ್ಲಿ ತಿರುಗುವ ಸೂಚನೆಯ ದೀಪದ ಕಡ್ಡಿಯು ಸ್ಟೀರಿಂಗಿನ ಬಲಕ್ಕಿರುತ್ತದೆ. ಅಮೆರಿಕದ ಕಾರುಗಳಲ್ಲಿ ಅದು ಎಡಕ್ಕೆ. ಅಲ್ಲಿಗೆ ಹೋದ ನಮ್ಮವರು ತಿರುವಿಗೆ ಬಂದಾಗ ಸುಡುಬಿಸಿಲಿನಲ್ಲಿ ಮಳೆ ಒರೆಸುವ ಕಡ್ಡಿಯನ್ನು ಆಡಿಸುತ್ತಾರೆ. ಇದು ನಗುವ ಮಾತು. ನಿರ್ಜನ ರಸ್ತೆಯಲ್ಲಿ ತಿರುಗಿದ ಕೂಡಲೇ ಹಳೆಯ ಮಗ್ಗುಲಿಗೆ ಹೊರಳುವುದು ಮಾತ್ರ ನಗುವ ಮಾತಲ್ಲ.

ರಸ್ತೆಯ ಫಲಕಗಳು ಅಷ್ಟು ತೊಡಕಿನವಲ್ಲ. ಕೆಂಪು ಅಂಚಿನ ತ್ರಿಕೋನವು ಎಚ್ಚರಿಕೆ, ಕೆಂಪು ವೃತ್ತವು ನಿಷೇಧ, ನೀಲಿ ವೃತ್ತವು ಮಾಡಲೇಬೇಕಾದ ಆಜ್ಞೆ, ಎಂಟು ಮೂಲೆಯ ಕೆಂಪು ಫಲಕವು ‘ನಿಲ್ಲು’. ಇವು ನಮ್ಮಲ್ಲಿಯೂ ಯುರೋಪಿನಲ್ಲಿಯೂ ಹೆಚ್ಚು ಕಡಿಮೆ ಒಂದೇ. ಅಮೆರಿಕದಲ್ಲಿ ಮಾತ್ರ ಎಚ್ಚರಿಕೆಗೆ ಹಳದಿಯ ವಜ್ರಾಕಾರ. ಬಂಡೀಪುರದಲ್ಲಿ ಆನೆಯ ಚಿತ್ರವಿರುವ ಕಡೆ ಆಸ್ಟ್ರೇಲಿಯದಲ್ಲಿ ಕಾಂಗರೂವಿನ ಚಿತ್ರವಿರುತ್ತದೆ.

ಫಲಕವಿಲ್ಲದ ಭಾಷೆಯೊಂದುಂಟು, ಕಷ್ಟವಿರುವುದು ಅಲ್ಲಿ. ನಮ್ಮ ಹೆದ್ದಾರಿಯಲ್ಲಿ ಎದುರಿನ ವಾಹನವು ಮುಂದಿನ ದೀಪವನ್ನು ಮಿನುಗಿಸಿದರೆ ‘ನಾನು ಬರುತ್ತಿದ್ದೇನೆ, ನೀನು ನಿಲ್ಲು’ ಎಂದು ಅರ್ಥ. ಇಂಗ್ಲೆಂಡಿನಲ್ಲಿ ಅದೇ ಮಿನುಗಿಗೆ ಜನರು ‘ನಾನು ನಿಂತಿದ್ದೇನೆ, ನೀನು ಬಾ’ ಎಂಬ ಅರ್ಥವನ್ನು ಕೊಡುವುದು ವಾಡಿಕೆ. ಒಂದೇ ಸನ್ನೆ, ತಲೆಕೆಳಗಾದ ಅರ್ಥ. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಓದಿಕೊಂಡರೆ ಏನಾದೀತೆಂದು ಊಹಿಸಿ. ಹಾರ್ನಿನ ಕಥೆಯೂ ಇಂಥದೇ. ನಮ್ಮ ಲಾರಿಗಳ ಬೆನ್ನ ಮೇಲೆ ‘ಹಾರ್ನ್ ಮಾಡಿ’ ಎಂಬ ಆಹ್ವಾನವೇ ಬರೆದಿರುತ್ತದೆ. ಘಾಟಿಯ ಕುರುಡು ತಿರುವಿನಲ್ಲಿ ಅದು ಪ್ರಾಣವನ್ನು ಉಳಿಸುವ ಸದ್ದು. ಬ್ರಿಟನ್ನಿನ ಜನವಸತಿಯ ಬೀದಿಗಳಲ್ಲಿ ರಾತ್ರಿ 11-30ರಿಂದ ಬೆಳಿಗ್ಗೆ 7ರವರೆಗೆ, ಓಡುವ ವಾಹನದಿಂದ ಹಾರ್ನ್ ಮಾಡುವುದನ್ನು ನಿಯಮವು ನಿಷೇಧಿಸಿದೆ. ಹಗಲಿನಲ್ಲಿಯೂ ಅಲ್ಲಿನವರು ಅದನ್ನು ಬೈಗುಳವೆಂದೇ ತಿಳಿಯುತ್ತಾರೆ.

ನನ್ನಲ್ಲಿ ಓದಿದ ವಿದ್ಯಾರ್ಥಿಯೊಬ್ಬನಿದ್ದಾನೆ. ತೆರಕಣಾಂಬಿಯ ಮಾರುಕಟ್ಟೆಯಿಂದ ತರಕಾರಿ ಹೇರಿಕೊಂಡು ವಯನಾಡಿನ ಮೇಲೆ ಹಾಯ್ದು, ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳನ್ನು ಇಳಿದು ಕಲ್ಲಿಕೋಟೆಗೆ ಹೋಗಿಬರುವುದು ಹನ್ನೊಂದು ವರ್ಷ ಅವನ ಕಸುಬಾಗಿತ್ತು. ಒಮ್ಮೆಯೂ ಅಪಘಾತವನ್ನು ಕಂಡವನಲ್ಲ. ದಾದಿಯರ ಶಿಕ್ಷಣವನ್ನು ಪಡೆದ ಅವನ ಹೆಂಡತಿಗೆ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಕೆಲಸ ದೊರೆತು, ಸಂಸಾರವು ಅಲ್ಲಿಗೆ ಹೋಯಿತು. ಆಸ್ಪತ್ರೆಯು ಮನೆಯಿಂದ ದೂರ. ರಾತ್ರಿಯ ಪಾಳಿ ಮುಗಿಯುವ ಹೊತ್ತಿಗೆ ಬಸ್ಸು ವಿರಳ. ಮೊದಲ ಹನ್ನೆರಡು ತಿಂಗಳು ಊರಿನ ಲೈಸೆನ್ಸಿನ ಮೇಲೆ ಕಾರು ಓಡಿಸಿದನು. ಹದಿಮೂರನೆಯ ತಿಂಗಳು ಆ ಅಧಿಕಾರವು ಮುಗಿಯಿತು. ಕಲಿಯುವವರ ಲೈಸೆನ್ಸನ್ನು ಪಡೆದು, ಕಾರಿನ ಹಿಂದೆಯೂ ಮುಂದೆಯೂ ಕಲಿಯುವವನ ಕೆಂಪಕ್ಷರದ ಹಲಗೆಯನ್ನು ಅಂಟಿಸಿ, ಮೂರು ವರ್ಷಗಳಿಂದ ಪೂರ್ಣ ಲೈಸೆನ್ಸು ಹೊಂದಿದ ವ್ಯಕ್ತಿಯೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಅವನು ರಸ್ತೆಗೆ ಇಳಿಯಬೇಕಾಯಿತು. ಹೆಂಡತಿಯು ಚಳಿಗಾಲದ ಕತ್ತಲೆಯಲ್ಲಿ ಬಸ್ಸಿಗೆ ಕಾಯುವಾಗ ತಾನು ಮನೆಯಲ್ಲಿ ಕುಳಿತಿರಬೇಕಾದ ಸಂಕಟವನ್ನು ಅವನು ನನಗೆ ಪತ್ರದಲ್ಲಿ ಬರೆದಿದ್ದನು.

ಬರಹದ ಪರೀಕ್ಷೆಯಲ್ಲಿ ಎರಡು ಭಾಗ. ಮೊದಲನೆಯದರಲ್ಲಿ 50 ಪ್ರಶ್ನೆಗಳಿಗೆ 43 ಉತ್ತರಗಳಾದರೂ ಸರಿಯಾಗಿರಬೇಕು. ಎರಡನೆಯದು ವಿಚಿತ್ರವಾದುದು. ಚಾಲಕನ ಆಸನದಿಂದ ಕಂಡಂತೆ ರಸ್ತೆಯ ಹದಿನಾಲ್ಕು ಚಲಚ್ಚಿತ್ರದ ತುಣುಕುಗಳನ್ನು ತೋರಿಸುತ್ತಾರೆ. ಅಪಾಯವು ಮೊಳೆಯುತ್ತಿರುವುದನ್ನು ಕಂಡ ಕೂಡಲೇ ಗುಂಡಿ ಒತ್ತಬೇಕು. ಬೇಗ ಕಂಡಷ್ಟೂ ಅಂಕ ಹೆಚ್ಚು; 75ಕ್ಕೆ 44 ಬರಬೇಕು. ಕಂಡದ್ದಕ್ಕೆಲ್ಲ ಒತ್ತುತ್ತ ಹೋದರೆ ಆ ತುಣುಕಿಗೆ ಸೊನ್ನೆ. ನಮ್ಮ ಹುಡುಗನು ಇದರಲ್ಲಿ ಲೀಲಾಜಾಲವಾಗಿ ಗೆದ್ದನು. ಮುಸ್ಸಂಜೆಯಲ್ಲಿ ಬಂಡೀಪುರದ ಪೊದೆಗಳ ಅಂಚನ್ನು ನೋಡುತ್ತ ಬಂದ ಕಣ್ಣು ಅದು. ಎಲೆ ಅಲುಗಿದ ರೀತಿಯಿಂದಲೇ ಒಳಗಿರುವುದು ಜಿಂಕೆಯೋ ಆನೆಯೋ ಎಂದು ತಿಳಿಯಬಲ್ಲವನಿಗೆ, ನಿಂತ ಬಸ್ಸಿನ ಮರೆಯಿಂದ ಮಗುವೊಂದು ಓಡಿಬರಬಹುದೆಂದು ಊಹಿಸುವುದು ದೊಡ್ಡ ಮಾತಲ್ಲ.

ಅವನು ಸೋತದ್ದು ರಸ್ತೆಯ ಪರೀಕ್ಷೆಯಲ್ಲಿ. ಮೊದಲು 20 ಮೀಟರು ದೂರದ ವಾಹನದ ಸಂಖ್ಯಾಫಲಕವನ್ನು ಓದಿಸುತ್ತಾರೆ. ಆಮೇಲೆ ಸುಮಾರು 40 ನಿಮಿಷ ನಿಜವಾದ ಬೀದಿಗಳಲ್ಲಿ ಕಾರು ನಡೆಸಬೇಕು. ಪರೀಕ್ಷಕನು ಪಕ್ಕದಲ್ಲಿ ಕುಳಿತು, ಸಿಡುಕದೆ, ಹೊಗಳದೆ, ತಪ್ಪುಗಳನ್ನು ಗುರುತುಮಾಡಿಕೊಳ್ಳುತ್ತ ಹೋಗುತ್ತಾನೆ. ಸಣ್ಣ ತಪ್ಪುಗಳು ಹದಿನೈದರವರೆಗೆ ಕ್ಷಮ್ಯ. ಗಂಭೀರವಾದುದು ಒಂದಾದರೂ ನಪಾಸು. ನಮ್ಮವನು ಗೇರು ಬದಲಿಸಿದ ರೀತಿಯಲ್ಲಿ, ತಿರುಗಿಸಿದ ರೀತಿಯಲ್ಲಿ ಕುಂದೇನೂ ಇರಲಿಲ್ಲ. ರಸ್ತೆಯ ಮೇಲಿನ ಕಪ್ಪುಬಿಳಿಯ ಪಟ್ಟೆಗಳ ಬಳಿ ತಾಯಿಯೊಬ್ಬಳು ಮಗುವಿನ ತಳ್ಳುಗಾಡಿಯೊಡನೆ ಒಂದು ಹೆಜ್ಜೆಯನ್ನು ಕೆಳಗಿಟ್ಟಿದ್ದಳು. ಆಕೆಗೆ ಸೋಕದಂತೆ, ಸಾಕಷ್ಟು ಜಾಗ ಬಿಟ್ಟು, ಅವನು ನಾಜೂಕಾಗಿ ಮುಂದೆ ಸಾಗಿದನು. ನಮ್ಮ ಕಣ್ಣಿಗೆ ಅದು ಜಾಣತನ. ಅಲ್ಲಿಗೆ ಪರೀಕ್ಷೆಯು ಮುಗಿದಂತೆಯೇ ಆಗಿತ್ತು.

ಈ ಸೋಲಿನ ಅನಂತರ ಅವನು ಬರೆದ ಪತ್ರದಲ್ಲಿ ಸ್ವಲ್ಪ ಕೋಪವಿತ್ತು. ‘ಇವರ ನಿಯಮವೇ ಬೇರೆ ಸಾರ್’ ಎಂದಿದ್ದನು. ಈ ಮಾತನ್ನು ನಾನು ಒಪ್ಪಲಾರೆ. ಕುತೂಹಲಕ್ಕಾಗಿ ನಮ್ಮ ದೇಶದ ನಿಯಮಗಳನ್ನು ತೆಗೆದು ಓದಿದೆ. 1989ರಲ್ಲಿ ಹೊರಟ ರಸ್ತೆಯ ನಿಯಮಗಳು, ಅವುಗಳ ಸ್ಥಾನದಲ್ಲಿ 2017ರಲ್ಲಿ ಬಂದ ವಾಹನ ಚಾಲನಾ ನಿಯಮಾವಳಿಗಳು, ಇವು ಯಾರಿಗಾದರೂ ದೊರೆಯುತ್ತವೆ. ಪಾದಚಾರಿಗಳ ದಾಟುಪಟ್ಟೆಯಲ್ಲಿ ನಡೆಯುವವರಿಗೇ ಮೊದಲ ಹಕ್ಕು ಎಂದು ಅಲ್ಲಿದೆ. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕೆಂದು ಅಲ್ಲಿದೆ. ಅಗತ್ಯವಿಲ್ಲದೆ ಹಾರ್ನ್ ಮಾಡಬಾರದೆಂದೂ, ಎಡಗಡೆಯಿಂದ ನುಗ್ಗಿ ಮುಂದೆ ಹೋಗಬಾರದೆಂದೂ ಅಲ್ಲಿದೆ. ಆ ಪುಸ್ತಕವನ್ನು ಮುಚ್ಚಿ ಬ್ರಿಟನ್ನಿನ ರಸ್ತೆ ಸಂಹಿತೆಯನ್ನು ತೆರೆದರೆ ಅಲ್ಲಿ ಎಷ್ಟೋ ಕಡೆ ಇವೇ ಮಾತುಗಳು! ಘಾಟಿಯ ಇಕ್ಕಟ್ಟಿನಲ್ಲಿ ಇಳಿಯುವ ವಾಹನವು ಹತ್ತುವ ವಾಹನಕ್ಕೆ ದಾರಿ ಬಿಡಬೇಕೆಂಬ ನಿಯಮವನ್ನೂ ಅಲ್ಲಿ ಕಂಡು ನನಗೆ ಸಂತೋಷವಾಯಿತು. ಏಕೆಂದರೆ ದಿಂಬಂ ಘಾಟಿಯಲ್ಲಿ ಅಕ್ಷರ ಬಾರದ ಚಾಲಕನೂ ಪಾಲಿಸುವ ನಿಯಮವದು. ಹತ್ತುವ ಲಾರಿಯು ಒಮ್ಮೆ ನಿಂತರೆ ಮತ್ತೆ ಹೊರಡುವುದು ಎಷ್ಟು ಕಷ್ಟವೆಂದು ಅವನ ಮೈಗೇ ಗೊತ್ತು.

ಹಾಗಿದ್ದಲ್ಲಿ ನಮ್ಮ ವಿದ್ಯಾರ್ಥಿಯು ಅಲ್ಲಿ ಕಲಿತದ್ದು ಪರದೇಶದ ನಿಯಮವನ್ನಲ್ಲ. ತನ್ನ ದೇಶವು ಬರೆದಿಟ್ಟು, ತನಗೆ ಯಾರೂ ಕಲಿಸದಿದ್ದ ನಿಯಮವನ್ನು. ಹನ್ನೊಂದು ವರ್ಷ ಅವನು ನಡೆಸಿದ ರಸ್ತೆಗೂ ಅವನ ಜೇಬಿನ ಕಾರ್ಡಿಗೆ ಆಧಾರವಾದ ಪುಸ್ತಕಕ್ಕೂ ನಡುವೆ ಇದ್ದ ದೂರವು, ಗುಂಡ್ಲುಪೇಟೆಗೂ ಇಂಗ್ಲೆಂಡಿಗೂ ಇರುವ ದೂರಕ್ಕಿಂತ ಹೆಚ್ಚಿನದಾಗಿತ್ತು.

ಇಲ್ಲಿ ಇನ್ನೊಂದು ಕಹಿ ಸಂಗತಿಯನ್ನು ಹೇಳಲೇಬೇಕು. ಹೊರಗಿನಿಂದ ಬಂದ ಎಲ್ಲರೂ ಬ್ರಿಟನ್ನಿನಲ್ಲಿ ಮತ್ತೆ ಪರೀಕ್ಷೆಗೆ ಕೂರಬೇಕಾಗಿಲ್ಲ. ಆಸ್ಟ್ರೇಲಿಯ, ಜಪಾನ್, ಸಿಂಗಪುರ, ದಕ್ಷಿಣ ಆಫ್ರಿಕ ಮೊದಲಾದ ಕೆಲವು ದೇಶಗಳ ಪರವಾನಗಿಯನ್ನು ಕೊಟ್ಟು ಅಲ್ಲಿನದನ್ನು ನೇರವಾಗಿ ಪಡೆಯಬಹುದು. ಭಾರತವು ಆ ಪಟ್ಟಿಯಲ್ಲಿಲ್ಲ. ಜರ್ಮನಿಯೂ ಇಂಥ ಪಟ್ಟಿಯನ್ನು ಇಟ್ಟುಕೊಂಡಿದೆ, ಅಲ್ಲಿಯೂ ನಾವಿಲ್ಲ. ಇದನ್ನು ಅವಮಾನವೆಂದು ಕೆಲವರು ಕೆರಳುವುದುಂಟು. ದೇಶಗಳ ನಡುವಣ ಒಪ್ಪಂದಗಳಿಗೆ ಹಲವು ಕಾರಣಗಳಿರುತ್ತವೆ, ಎಲ್ಲವೂ ನ್ಯಾಯವೆಂದು ನಾನು ಹೇಳುವುದಿಲ್ಲ. ಆದರೆ ಕೆರಳುವ ಮೊದಲು ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಕೆಲವೇ ನಿಮಿಷಗಳಲ್ಲಿ ಎಂಟರ ಆಕಾರವನ್ನು ಸುತ್ತಿಸಿ ಮುಗಿಸಿಬಿಡುವ ಪರೀಕ್ಷೆ, ಬೇರೆಯವರ ಕೈಯಲ್ಲಿ ಅರ್ಜಿ ಕೊಟ್ಟು ತಾನು ಸಹಿ ಮಾತ್ರ ಹಾಕುವ ಅಭ್ಯರ್ಥಿ, ‘ಹೇಗೂ ಕೊಡುತ್ತಾರೆ ಬಿಡಿ’ ಎಂಬ ಮಾತು. ಇಂಥವನ್ನು ನಾವೆಲ್ಲ ಕೇಳಿದ್ದೇವೆ. ಸುಲಭವಾಗಿ ದೊರೆತ ಕಾರ್ಡಿನ ಬೆಲೆಯನ್ನು ಕಷ್ಟಪಟ್ಟು ಕಲಿತವನೂ ತೆರಬೇಕಾಗುತ್ತದೆ. ಪರದೇಶದ ಅಧಿಕಾರಿಗೆ ಕಲಿತವನ ಕಾರ್ಡೂ ಕಲಿಯದವನ ಕಾರ್ಡೂ ಒಂದೇ ಬಣ್ಣದಲ್ಲಿ ಕಾಣುತ್ತವೆ. ಪರದೇಶದ ಮಾತು ಹಾಗಿರಲಿ, 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇದು ಸರ್ಕಾರವೇ ಪ್ರಕಟಿಸಿದ ಲೆಕ್ಕ.

ನೀವು ಇನ್ನೂ ಒಂಬತ್ತನೆಯ ತರಗತಿಯವರು; ಈ ಕಾರ್ಡು ನಿಮಗೆ ಇಂದೇ ದೊರೆಯುವುದಿಲ್ಲ. ಗೇರಿಲ್ಲದ, 50 ಸಿಸಿ ಮೀರದ ಮೋಟಾರು ಸೈಕಲ್ಲಿಗೆ, ಅದೂ ಪೋಷಕರ ಒಪ್ಪಿಗೆಯಿದ್ದರೆ, 16 ವರ್ಷ. ಉಳಿದ ಸ್ವಂತ ವಾಹನಗಳಿಗೆ 18. ಬಾಡಿಗೆಯ ಲಾರಿ ಬಸ್ಸುಗಳಂಥವಕ್ಕೆ 20. ಮೊದಲು ಕಲಿಯುವವರ ಲೈಸೆನ್ಸು, ಅದಾಗಿ 30 ದಿನಗಳ ಅನಂತರ ಪೂರ್ಣ ಪರೀಕ್ಷೆ. ನಮ್ಮ ರಾಜ್ಯದಲ್ಲಿ ಕಲಿಯುವವರ ಪರೀಕ್ಷೆಗೆ ಕನ್ನಡದಲ್ಲಿಯೇ ಉತ್ತರಿಸಬಹುದು. ಹೊಲದಿಂದ ಮನೆಗೆ, ಮನೆಯಿಂದ ಡೇರಿಗೆ ಎಂದು ತಂದೆಯ ಬೈಕನ್ನು ನಡೆಸುವ ಹುಡುಗರನ್ನು ನಮ್ಮ ಹಳ್ಳಿಗಳಲ್ಲಿ ದಿನವೂ ಕಾಣುತ್ತೇವೆ. 2019ರ ತಿದ್ದುಪಡಿಯಂತೆ ಹಾಗೆ ನಡೆಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಒಡೆಯರಿಗೆ ಮೂರು ವರ್ಷಗಳವರೆಗೆ ಸೆರೆವಾಸ, 25 ಸಾವಿರ ರೂಪಾಯಿ ದಂಡ. ಹುಡುಗನಿಗೆ 25 ವರ್ಷ ತುಂಬುವವರೆಗೆ ಕಲಿಯುವವರ ಲೈಸೆನ್ಸೂ ಇಲ್ಲ.

ನಮ್ಮವರು ಮಾತ್ರ ಹೊರಗೆ ಹೋಗುತ್ತಾರೆಂದು ತಿಳಿಯಬಾರದು. ನಮ್ಮ ಜಿಲ್ಲೆಯ ಒಡೆಯರಪಾಳ್ಯದಲ್ಲಿ 1974ರಿಂದ ಟಿಬೆಟ್ಟಿನ ನಿರಾಶ್ರಿತರು ನೆಲೆಸಿದ್ದಾರೆ. ಒಂದು ನಾಡನ್ನು ಕಳೆದುಕೊಂಡು ಇನ್ನೊಂದರ ಮಣ್ಣನ್ನೂ ಮಾತನ್ನೂ ದಾರಿಯನ್ನೂ ಮೊದಲಿನಿಂದ ಕಲಿಯುವುದೆಂದರೇನು ಎಂಬುದನ್ನು ಅವರ ಹಿರಿಯರಿಂದಲೇ ಕೇಳಬೇಕು. ಹೊಸ ನಾಡಿಗೆ ಬಂದವನು ಆ ನಾಡಿನ ಪಂಕ್ತಿಯ ಕೊನೆಯಲ್ಲಿ ನಿಲ್ಲುವುದು ಎಲ್ಲೆಡೆಯೂ ಇರುವುದೇ. ಅಲ್ಲಿ ನಿಂತವನ ಮುಖವನ್ನು ಮುಂದೆ ನಿಂತವರು ನೋಡುವುದು ಅಪರೂಪ.

ನನ್ನ ಶಿಷ್ಯನು ಎರಡನೆಯ ಬಾರಿ ಪರೀಕ್ಷೆಗೆ ಕುಳಿತು ತೇರ್ಗಡೆಯಾದನು. ಅದಕ್ಕಿಂತ ಮೊದಲು ವಾರಗಳ ಕಾಲ, ಕಾರನ್ನು ಬಿಟ್ಟು, ಆ ಊರಿನ ಬೀದಿಗಳಲ್ಲಿ ಬರಿಗಾಲ್ನಡಿಗೆಯಲ್ಲಿ ಓಡಾಡಿ ಯಾರು ಎಲ್ಲಿ ನಿಲ್ಲುತ್ತಾರೆಂದು ನೋಡಿದನಂತೆ. ಈ ಉಪಾಯವನ್ನು ಯಾವ ಪುಸ್ತಕವೂ ಹೇಳಿರಲಿಲ್ಲ. ಹೊಸ ಕಾರ್ಡು ಅಂಚೆಯಲ್ಲಿ ಬಂದ ವಾರವೇ ರಾತ್ರಿ ಪಾಳಿಯ ಹೆಂಡತಿಯನ್ನು ಆಸ್ಪತ್ರೆಯ ಬಾಗಿಲಿನಿಂದ ಕಾರಿನಲ್ಲಿ ಕರೆತಂದನು.

ಕಳೆದ ಬೇಸಿಗೆಯ ರಜೆಗೆ ಅವನು ಊರಿಗೆ ಬಂದಿದ್ದಾಗ ನನ್ನನ್ನು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ತನ್ನ ತಂದೆಯ ಕಾರಿನಲ್ಲಿ ಕರೆದುಕೊಂಡು ಹೋದನು. ಹಳೆಯ ‘ಕೆಎ 10’ ಲೈಸೆನ್ಸು ಇನ್ನೂ ಜೇಬಿನಲ್ಲಿಯೇ ಇತ್ತು. ಗುಂಡ್ಲುಪೇಟೆಯ ಪೇಟೆಬೀದಿಯಲ್ಲಿ ರಸ್ತೆಯನ್ನು ದಾಟಲು ವೃದ್ಧೆಯೊಬ್ಬಳು ತಲೆಯ ಮೇಲೆ ಸೊಪ್ಪಿನ ಮಂಕರಿಯನ್ನು ಹೊತ್ತು ನಿಂತಿದ್ದಳು. ಅವನು ಕಾರನ್ನು ನಿಲ್ಲಿಸಿದನು. ಹಿಂದಿನಿಂದ ಒಂದು ಹಾರ್ನು ಕೇಳಿಸಿತು, ಆಮೇಲೆ ನಾಲ್ಕಾರು. ಆಕೆ ‘ನೀನು ಹೋಗಪ್ಪ’ ಎಂದು ಕೈಬೀಸಿದಳು. ಇವನು ‘ನೀವು ಹೋಗಿ’ ಎಂದು ಕೈಬೀಸಿದನು. ಹೀಗೆ ಎರಡು ಸಲ ನಡೆಯಿತು. ಕೊನೆಗೆ ಆಕೆ ಒಂದು ಕೈಯಿಂದ ಮಂಕರಿಯನ್ನು ಹಿಡಿದು, ಇನ್ನೊಂದರಿಂದ ಸೆರಗನ್ನು ಬಿಗಿಮಾಡಿಕೊಂಡು, ನಮ್ಮ ಕಾರನ್ನೇ ಅನುಮಾನದಿಂದ ನೋಡುತ್ತ ನೋಡುತ್ತ ರಸ್ತೆಯನ್ನು ದಾಟಿದಳು.